‘ನೊದಾಮೆ ಕಂತಾಬಿಲೆ’: ಕೇಳುವ, ಓದುವ, ನೋಡುವ ಕ್ರಮ

ತೊಮೊಕೊ ನಿನೊಮಿಯಾ ಅವರ ‘ನೊದಾಮೆ ಕಂತಾಬಿಲೆ’ 2001ರಿಂದ ಜಪಾನಿನ ‘ಕಿಸ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಮಾಂಗಾ, ಅಂದರೆ ಜಪಾನೀ ಚಿತ್ರಕಥೆ. ನಾಯಕ ನಾಯಕಿಯರಿಬ್ಬರೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿದ್ಯಾರ್ಥಿಗಳು, ಆದರೆ ಅವರ ಸಂಗೀತವನ್ನು ಕೇಳಿಸುವ ಶಕ್ತಿ ಮುದ್ರಿತ ಪುಟಕ್ಕಿಲ್ಲ. ಆದ್ದರಿಂದ ಹೊಸ ಓದುಗರು ಮೊದಲು ಕಿವಿಯನ್ನೂ ಆಮೇಲೆ ಪುಸ್ತಕವನ್ನೂ ಕೊನೆಗೆ ತೆರೆಯನ್ನೂ ನೆಚ್ಚಿಕೊಳ್ಳುವುದು ಒಳ್ಳೆಯದು.

ಕೇಳಬೇಕಾದ ಕೃತಿಗಳು ಹೆಚ್ಚೇನಿಲ್ಲ. ಬೀಥೋವನ್‌ನ ‘ಪಥೆಟಿಕ್’ ಸೊನಾಟಾದ (ಹಲವು ಭಾಗಗಳ ವಾದ್ಯಕೃತಿ) ನಿಧಾನಗತಿಯ ಎರಡನೆಯ ಭಾಗದಿಂದ ಆರಂಭಿಸಿ. ಕುಡಿದು ಮನೆಬಾಗಿಲಲ್ಲೇ ಮಲಗಿದ್ದ ನಾಯಕ ಚಿಯಾಕಿ ಶಿನಿಚಿ ಕಣ್ಣು ತೆರೆದಾಗ ಪಕ್ಕದ ಮನೆಯವಳ ಕಸದ ರಾಶಿಯ ನಡುವೆ ಇರುತ್ತಾನೆ. ಅಲ್ಲಿ ನಾಯಕಿ ನೋದಾ ಮೆಗುಮಿ, ಅಂದರೆ ನೊದಾಮೆ, ಇದನ್ನೇ ತನಗೆ ತೋಚಿದಂತೆ ನುಡಿಸುತ್ತಿರುತ್ತಾಳೆ. ಅನಂತರ ಎರಡು ಪಿಯಾನೋಗಳಿಗಾಗಿ ಮೊಟ್ಸಾರ್ಟ್ ಬರೆದ ಸೊನಾಟಾವನ್ನು ಕೇಳಿ. ಸ್ವರಲಿಪಿಯ ಒಂದು ಚುಕ್ಕೆಯನ್ನೂ ಬಿಡದ ಅವನು, ಸ್ವರಲಿಪಿಯನ್ನು ಲೆಕ್ಕಿಸದೆ ಕೇಳಿದ್ದನ್ನೇ ನುಡಿಸುವ ಅವಳೊಡನೆ ಹೊಂದಿಕೊಳ್ಳಲು ಪಡುವ ಪಾಡೇ ಈ ಪ್ರೇಮಹಾಸ್ಯದ ಮೂಲದ್ರವ್ಯ. ಮೂರನೆಯದು ರಖ್ಮನಿನಫ್‌ನ ಎರಡನೆಯ ಪಿಯಾನೋ ಕನ್ಚೆರ್ಟೊ, ಅಂದರೆ ಪಿಯಾನೋ ವಾದ್ಯವೃಂದದೊಡನೆ ನುಡಿಯುವ ಕೃತಿ. ಅದನ್ನು ಅವನು ಕಾಲೇಜು ಉತ್ಸವದಲ್ಲಿ ನುಡಿಸಿದಾಗ ಅವಳಿಗೆ ಏನಾಗುತ್ತದೆ ಎಂಬುದು ಕಥೆಯ ನಿಜವಾದ ತಿರುವು. ಸ್ತ್ರವಿನ್ಸ್ಕಿಯ ‘ಪೆಟ್ರುಷ್ಕಾ’ವನ್ನು ಕೇಳಿರದವರಿಗೆ, ನೊದಾಮೆ ಸ್ಪರ್ಧೆಯಲ್ಲಿ ಅದನ್ನು ನುಡಿಸುವಾಗ ಅದರೊಳಗೆ ಅಡುಗೆ ಕಾರ್ಯಕ್ರಮದ ಧಾಟಿ ನುಸುಳಿದಾಗ ನಗು ಬಾರದು. ಕಚೇರಿಗಳನ್ನು ಕೇಳಿ ಬೆಳೆದ ನಮಗೆ, ತಾನೇನೂ ನುಡಿಸದೆ ಕೋಲು ಹಿಡಿದು ನಿಂತು ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಮೊದಮೊದಲು ವಿಚಿತ್ರವೆನಿಸಬಹುದು; ಚಿಯಾಕಿ ಹಂಬಲಿಸುವುದು ಆ ಸ್ಥಾನಕ್ಕೇ.

ಓದುವಾಗ ಪುಸ್ತಕದ ಬಲಬದಿಯಿಂದ ಆರಂಭಿಸಿ, ಪ್ರತಿ ಪುಟದಲ್ಲೂ ಚೌಕಗಳನ್ನು ಬಲದಿಂದ ಎಡಕ್ಕೆ ಅನುಸರಿಸಬೇಕು. ಹತ್ತಿಪ್ಪತ್ತು ಪುಟಗಳಲ್ಲಿ ಕಣ್ಣು ಪಳಗುತ್ತದೆ. ಮೊದಲ ಒಂಬತ್ತು ಸಂಪುಟಗಳು ಜಪಾನಿನಲ್ಲಿ ನಡೆಯುತ್ತವೆ. ವಿಮಾನದ ಭಯದಿಂದ ಯುರೋಪಿಗೆ ಹೋಗಲಾಗದೆ ಉಳಿದಿದ್ದ ಚಿಯಾಕಿ ಆ ಭಯವನ್ನು ದಾಟಿದ ಮೇಲೆ ಕಥೆ ಪ್ಯಾರಿಸ್‌ಗೆ ಸಾಗುತ್ತದೆ. ಅಲ್ಲಿಗೆ ನಿಲ್ಲಿಸಿ ತೆರೆಯ ಕಡೆ ತಿರುಗಿ.

2006ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಫುಜಿ ಟೀವಿಯಲ್ಲಿ ಬಂದ 11 ಕಂತುಗಳ ಧಾರಾವಾಹಿಯನ್ನೇ ಮೊದಲು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಉಎನೊ ಜೂರಿ ನೊದಾಮೆಯಾಗಿ, ತಮಾಕಿ ಹಿರೋಷಿ ಚಿಯಾಕಿಯಾಗಿ ನಟಿಸಿದ್ದಾರೆ. ಹೊಡೆತ ತಿಂದ ನಾಯಕಿ ಗೊಂಬೆಯಾಗಿ ಗಾಳಿಯಲ್ಲಿ ಹಾರುವುದು, ಜರ್ಮನ್ ಕಂಡಕ್ಟರ್ ಸ್ಟ್ರೆಜೆಮಾನ್‌ನ ಪಾತ್ರದಲ್ಲಿ ತಕೆನಾಕ ನಾವೊತೊ ವಿಗ್ಗು ಧರಿಸಿ ಕಾಣಿಸಿಕೊಳ್ಳುವುದು ಅತಿಯೆನಿಸಿದರೂ, ಅದು ಮಾಂಗಾದ ಗೆರೆಯನ್ನು ದೇಹಕ್ಕೆ ಇಳಿಸಿದ ಬಗೆ ಎಂದು ತಿಳಿದು ಎರಡು ಕಂತು ತಾಳ್ಮೆಯಿಂದಿರಿ. ಆರಂಭಗೀತವಾಗಿ ಬೀಥೋವನ್‌ನ ಏಳನೆಯ ಸಿಂಫನಿಯನ್ನು ಬಳಸಿರುವುದರಿಂದ ಅದನ್ನು ಬೇರೆಯಾಗಿ ಹುಡುಕಿ ಕೇಳಬೇಕಿಲ್ಲ.

ಇದರ ಮುಂದಿನ ಕಥೆ 2008ರ ಜನವರಿಯ ಎರಡು ಭಾಗಗಳ ವಿಶೇಷ ಸಂಚಿಕೆಯಲ್ಲಿದೆ, ಅದಾದ ಮೇಲೆ 2009ರ ಡಿಸೆಂಬರ್ ಮತ್ತು 2010ರ ಏಪ್ರಿಲ್‌ನಲ್ಲಿ ತೆರೆಕಂಡ ಎರಡು ಚಲನಚಿತ್ರಗಳಲ್ಲಿದೆ. ಈ ಕ್ರಮವನ್ನು ತಪ್ಪಿಸಬಾರದು. ಚಿತ್ರಗಳನ್ನೇ ಮೊದಲು ನೋಡಿದವರಿಗೆ ಯಾರು ಯಾರ ಮೇಲೆ ಏಕೆ ಮುನಿಸಿಕೊಂಡಿದ್ದಾರೆಂಬುದೇ ತಿಳಿಯುವುದಿಲ್ಲ.

ಅನಿಮೆ, ಅಂದರೆ ಜಪಾನೀ ಅನಿಮೇಷನ್, ಇನ್ನೊಂದು ದಾರಿ. ಜೆ.ಸಿ. ಸ್ಟಾಫ್ ಸ್ಟುಡಿಯೊ ನಿರ್ಮಿಸಿದ ಮೊದಲ ಸರಣಿ 2007ರಲ್ಲಿ 23 ಕಂತುಗಳಲ್ಲಿಯೂ, ಪ್ಯಾರಿಸ್ ಭಾಗ 2008ರಲ್ಲಿ 11 ಕಂತುಗಳಲ್ಲಿಯೂ, ಕೊನೆಯ ಭಾಗ 2010ರಲ್ಲಿ ಮತ್ತೆ 11 ಕಂತುಗಳಲ್ಲಿಯೂ ಪ್ರಸಾರವಾದವು. ಸಮಯ ಕಡಿಮೆಯಿರುವವರು ಮೊದಲ ಸರಣಿಯನ್ನು ಬಿಟ್ಟು, ಧಾರಾವಾಹಿಯ ನಂತರ ನೇರವಾಗಿ ಪ್ಯಾರಿಸ್ ಭಾಗಕ್ಕೆ ಹೋಗಬಹುದು: ಯುರೋಪಿನ ಪಾತ್ರಗಳಿಗೆ ಜಪಾನೀ ನಟರು ವೇಷ ಹಾಕಬೇಕಾದ ಕಷ್ಟ ಚಿತ್ರಿತ ರೂಪಕ್ಕಿಲ್ಲ. 2014ರಲ್ಲಿ ಕೊರಿಯಾದ ಕೆಬಿಎಸ್ ವಾಹಿನಿ 16 ಕಂತುಗಳ ತನ್ನದೇ ಆವೃತ್ತಿಯನ್ನು ತಂದಿತು. ಅದನ್ನು ಹೋಲಿಕೆಗಾಗಿ ಕೊನೆಗೆ ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಹತ್ತನೆಯ ಸಂಪುಟಕ್ಕೆ ಮರಳಿ. ಮುಖ್ಯ ಕಥೆ 23ನೆಯ ಸಂಪುಟದಲ್ಲಿ ಮುಗಿದರೂ, ಮೊಟ್ಸಾರ್ಟ್‌ನ ‘ಮಾಂತ್ರಿಕ ಕೊಳಲು’ ಒಪೆರಾದ ಸುತ್ತ ಹೆಣೆದ ಇನ್ನೆರಡು ಸಂಪುಟಗಳಿವೆ. ಅವನ್ನು ತೆರೆಯುವ ಮುನ್ನ ಆ ಒಪೆರಾದ ಪೀಠಿಕಾ ಸಂಗೀತವನ್ನಾದರೂ ಒಮ್ಮೆ ಕೇಳಿರಬೇಕು.