ಕುನ್ನೂರಿಗೇ ನಿಲ್ಲಿಸಿದ ಮೇಲೆ ಉಗಿಬಂಡಿಯ ಲೆಕ್ಕ ಸರಿಹೋಯಿತು

ನೀಲಗಿರಿಯ ಉಗಿಬಂಡಿಯನ್ನು ಬಾಡಿಗೆಗೆ ಹಿಡಿದು ಬೆಂಗಳೂರಿನಿಂದ ಪ್ರವಾಸ ನಡೆಸಿದರೆ ಕೈಸುಟ್ಟುಕೊಳ್ಳುವುದು ಖಚಿತವೆಂದು ಈ ವೃತ್ತಿಯ ಗೆಳೆಯರು ಹೇಳುತ್ತಲೇ ಬಂದಿದ್ದರು. ಎಲ್ಲರಂತೆ ಬೆಟ್ಟದ ಬುಡದ ಮೆಟ್ಟುಪಾಳಯದಿಂದ ನಡುವಿನ ಕುನ್ನೂರನ್ನು ದಾಟಿ ಊಟಿಯವರೆಗಿನ 46 ಕಿ.ಮೀ. ಪೂರ್ತಿ ಹಿಡಿಯುತ್ತಿದ್ದಾಗ ನನ್ನ ಖಾತೆ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ಸುಮಾರು 130 ಸೀಟುಗಳಲ್ಲಿ 110 ತುಂಬಿದರೆ ಮಾತ್ರ ಅಸಲು ಹುಟ್ಟುತ್ತಿತ್ತು. ಅಕ್ಟೋಬರಿನಲ್ಲಿ ಒಮ್ಮೆ ಹಳಿಯ ಮೇಲೆ ಗುಡ್ಡ ಕುಸಿದು ಬಂಡಿಯೇ ರದ್ದಾದಾಗ ಹೋಟೆಲಿಗೆ ಕಟ್ಟಿದ ಮುಂಗಡ, ಬಸ್ಸಿನ ಬಾಡಿಗೆ ಎಲ್ಲ ಸೇರಿ ಒಂದೂವರೆ ಲಕ್ಷದಷ್ಟು ಹೋಯಿತು. ಈಗ ಹಿಂಗಾರು ಮುಗಿಯುವವರೆಗೆ ಮುಂಗಡ ಪಡೆಯುವುದೇ ಇಲ್ಲ. ಜನವರಿಯಿಂದ ಮಾರ್ಚ್ ನನ್ನ ಹಂಗಾಮು.

ಜನ ಹಣ ಕೊಡುವುದು ಉಗಿ ಎಂಜಿನ್ನಿಗೆ ಮತ್ತು ಕಲ್ಲಾರು ನಿಲ್ದಾಣದಿಂದ ಕುನ್ನೂರಿನವರೆಗಿನ ಹಲ್ಲುಹಳಿಗೆ, ಅಂದರೆ ಎಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಂಡು ಏರುವ ನಡುಹಳಿಗೆ. ಕುನ್ನೂರಿನಾಚೆ ಡೀಸೆಲ್ ಎಂಜಿನ್ ಬರುವುದರಿಂದ ಆ ಭಾಗವನ್ನು ಬಿಟ್ಟೇಬಿಟ್ಟೆ. ಊಟಿಯ ಹೆಸರಿಲ್ಲದ ಪ್ರವಾಸಕ್ಕೆ ಯಾರೂ ಬರುವುದಿಲ್ಲ ಎಂದವರಿದ್ದರು. ಆದರೆ ಏರುವ ಬಂಡಿಗೆ ಒಂದು ತಂಡ, ಅದೇ ದಿನ ಇಳಿಯುವ ಬಂಡಿಗೆ ಇನ್ನೊಂದು ತಂಡ ಎಂದು ಮಾರಿದಾಗ ಲೆಕ್ಕವೇ ಬದಲಾಯಿತು. ಏರಿ ಇಳಿಯುವುದಕ್ಕೆ ಸೇರಿ ಬಾಡಿಗೆ, ನೆನಪಿನಂತೆ, ನಾಲ್ಕು ಲಕ್ಷದ ಆಸುಪಾಸು; ಒಂದೇ ತಂಡವಿದ್ದರೆ ಸೀಟಿಗೆ ಮೂರು ಸಾವಿರ ದಾಟುತ್ತಿದ್ದದ್ದು, ಎರಡು ತಂಡಗಳಾದಾಗ ಒಂದೂವರೆ ಸಾವಿರಕ್ಕೆ ಇಳಿಯಿತು.

ನಿಜವಾದ ಉಳಿತಾಯ ಬಸ್ಸುಗಳದ್ದು. ಏರುವ ತಂಡವನ್ನು ಬೆಳಿಗ್ಗೆ ಮೆಟ್ಟುಪಾಳಯದಲ್ಲಿ ಇಳಿಸಿದ ಬಸ್ಸುಗಳು ಅಲ್ಲೇ ನಿಂತು, ಸಂಜೆ ಇಳಿದು ಬಂದವರನ್ನು ಬೆಂಗಳೂರಿಗೆ ಕರೆತರುತ್ತವೆ; ಹಿಂದಿನ ದಿನ ಇಳಿಯುವ ತಂಡವನ್ನು ಕುನ್ನೂರಿಗೆ ತಂದ ಬಸ್ಸುಗಳು ಏರಿಬಂದವರನ್ನು ಮರುದಿನ ಊರಿಗೆ ಮುಟ್ಟಿಸುತ್ತವೆ. ಒಂದು ಬಸ್ಸೂ ಘಾಟಿಯಲ್ಲಿ ಖಾಲಿ ಓಡುವುದಿಲ್ಲ. ಒಂದು ತಂಡ ಮಧ್ಯಾಹ್ನ ಬಿಟ್ಟ ಕೋಣೆಗಳಿಗೇ ಇನ್ನೊಂದು ತಂಡ ಬರುವುದರಿಂದ, ಎರಡು ರಾತ್ರಿಗೆ ಒಟ್ಟಾಗಿ ಹಿಡಿದ ಹೋಟೆಲಿನಲ್ಲಿ ಕಾಲು ಭಾಗ ರಿಯಾಯಿತಿಯೂ ದೊರೆಯಿತು. ಇಳಿಯುವ ಸೀಟುಗಳನ್ನು ಬೆಲೆ ತಗ್ಗಿಸದೆ ಯಾರಿಗೆ ಮಾರುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ.

ದರ ನಿಗದಿಯಲ್ಲಿ ಒಂದು ಎಚ್ಚರ ಬೇಕು. ಶೇ. 5ರ ಜಿಎಸ್‌ಟಿಯಲ್ಲಿ ವ್ಯವಹರಿಸುವ ನಮಗೆ ರೈಲಿನ ಬಾಡಿಗೆಯ ಮೇಲೆ ಕಟ್ಟಿದ ತೆರಿಗೆ ಇನ್‌ಪುಟ್ ಕ್ರೆಡಿಟ್ಟಾಗಿ (ನಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ) ಮರಳುವುದಿಲ್ಲ, ಅದನ್ನು ಅಸಲಿನಲ್ಲೇ ಸೇರಿಸಬೇಕು.

ಏರುವಾಗ ಎಂಜಿನ್ ಹಿಂದಿನಿಂದ ತಳ್ಳುವುದರಿಂದ ಮೊದಲ ಬೋಗಿಯ ಮುಂದಿನ ಸಾಲಿಗೆ ತೆರೆದ ಹಳಿ ಕಾಣುತ್ತದೆ. ಆ ಸಾಲಿಗೆ ಎಂಟುನೂರು ಹೆಚ್ಚಿಗೆ ಇಟ್ಟರೂ ಮೊದಲು ಮುಗಿಯುವುದು ಅದೇ. ಛಾಯಾಗ್ರಾಹಕರಿಗೇ ಒಂದು ಬೋಗಿ ಮೀಸಲಿಡುವ ಪ್ರಯೋಗವನ್ನೂ ನಡೆಸಿದೆ. ದಾರಿಯ ಹಿಲ್‌ಗ್ರೋವ್ ನಿಲ್ದಾಣದಲ್ಲಿ ಎಂಜಿನ್ ನೀರು ತುಂಬಿಕೊಳ್ಳುವ ಹೊತ್ತು ಅವರಿಗೆ ಸಾಲದಾಯಿತು, ಹಣವೂ ಹುಟ್ಟಲಿಲ್ಲ. ಅದನ್ನು ಕೈಬಿಟ್ಟು ಆ ಬೋಗಿಯನ್ನು ಕುಟುಂಬಗಳಿಗೆ ಕೊಟ್ಟಿದ್ದೇನೆ. ಈಗ ತಂಡಕ್ಕೆ ಎಂಬತ್ತು ಜನ ಬಂದರೂ ಅಸಲು ಕಳೆದು ಒಂದಿಷ್ಟು ಉಳಿಯುತ್ತದೆ.