ಆರು ಎನ್‌ಕೋಡರ್, ಒಂದು ಚಿಪ್

ನನ್ನ ಪುಟ್ಟ ಸಾಧನದ ಕೆಲಸ ಇಷ್ಟೇ: ಆರು ಮೋಟಾರ್‌ಗಳ ಎನ್‌ಕೋಡರ್ (ಮೋಟಾರ್ ತಿರುಗಿದಂತೆ ಎ, ಬಿ ಎಂಬ ಎರಡು ತಂತಿಯಲ್ಲಿ ಪಲ್ಸ್ ಕೊಡುವ ಸೆನ್ಸರ್) ಎಣಿಸಬೇಕು, ಕೇಳಿದಾಗ ಎಸ್‌ಪಿಐ (ಚಿಪ್‌ಗಳು ಮಾತಾಡಿಕೊಳ್ಳುವ ಒಂದು ಸಂಪರ್ಕ) ಮೂಲಕ ಲೆಕ್ಕ ಒಪ್ಪಿಸಬೇಕು. ಜತೆಗೆ ಆರು ಬ್ರೇಕ್ ರಿಲೇಗಳನ್ನು ನೋಡಿಕೊಳ್ಳಬೇಕು. ಮೊದಲು ಎಲ್ಲವನ್ನೂ ಮೈಕ್ರೋಕಂಟ್ರೋಲರ್ ತಲೆಗೆ ಕಟ್ಟಿದ್ದೆ. ಸುತ್ತಿಗೆ 4000 ಎಣಿಕೆ, ನಿಮಿಷಕ್ಕೆ 3000 ಸುತ್ತು ಅಂದರೆ ಒಂದು ಮೋಟಾರ್‌ನಿಂದಲೇ ಸೆಕೆಂಡಿಗೆ 2 ಲಕ್ಷ ಇಂಟರಪ್ಟ್, ಅಷ್ಟು ಸಲ ಅದು ಕೈಯಲ್ಲಿದ್ದ ಕೆಲಸ ಬಿಟ್ಟು ಎಣಿಸಲು ಓಡಬೇಕು. ಎರಡು ಮೋಟಾರ್ ತನಕ ಹೇಗೋ ತಳ್ಳಿತು. ಮೂರನೆಯದಕ್ಕೆ ಲೆಕ್ಕ ತಪ್ಪತೊಡಗಿತು.

ಸರಿ, ಒಳಗಿನ ಸರ್ಕ್ಯೂಟ್ ನಾವೇ ಬರೆದು ತುಂಬುವ ಲಾಜಿಕ್ ಚಿಪ್ ಬೇಕು. ಯಾವುದು? ಕ್ಯಾಟಲಾಗ್ ತೆರೆಯೋ ಮೊದಲು ಹಾಳೆ ಮೇಲೆ ಫ್ಲಿಪ್‌ಫ್ಲಾಪ್ (ಒಂದೊಂದು ಬಿಟ್ ನೆನಪಿಡುವ ಘಟಕ) ಎಣಿಸಿದೆ. 24 ಬಿಟ್‌ನ ಆರು ಕೌಂಟರ್‌ಗೆ 144. ಓದುವಾಗ ಲೆಕ್ಕ ಬದಲಾಗಬಾರದಲ್ವಾ, ಅದಕ್ಕೆ ನಕಲು ಹಿಡಿದಿಡಲು ಇನ್ನೂ 144. ಸಿಗ್ನಲ್ ಅನ್ನು ಚಿಪ್‌ನ ಕ್ಲಾಕ್‌ಗೆ ಹೊಂದಿಸುವ ಇನ್‌ಪುಟ್ ಸಿಂಕ್ರೊನೈಸರ್, ಲೆಕ್ಕವನ್ನು ಒಂದೊಂದೇ ಬಿಟ್ ಆಗಿ ಹೊರಗೆ ಕಳಿಸುವ ಶಿಫ್ಟ್ ರಿಜಿಸ್ಟರ್ ಸೇರಿ ಒಟ್ಟು 350ರ ಆಸುಪಾಸು. ನಾನು ಕಣ್ಣಿಟ್ಟಿದ್ದ ಮ್ಯಾಕ್ಸ್ ಟು ಇಪಿಎಂ240ರಲ್ಲಿ ಇರೋದೇ 240 ಲಾಜಿಕ್ ಎಲಿಮೆಂಟ್, ಒಂದೊಂದರಲ್ಲಿ ಒಂದೇ ಫ್ಲಿಪ್‌ಫ್ಲಾಪ್. ಅದು ಅಲ್ಲಿಗೇ ಮುಗಿಯಿತು.

ಉಳಿದಿದ್ದು ಎರಡು. ಮ್ಯಾಕ್‌ಎಕ್ಸ್‌ಒ2ರ 640 ಲಟ್ (ಪುಟ್ಟ ಲಾಜಿಕ್ ಘಟಕ) ಇರುವ ಚಿಪ್‌ಗೆ ಒಳಗೇ ಸರ್ಕ್ಯೂಟ್‌ನ ವಿವರ ಕೂಡಿಡುವ ಫ್ಲ್ಯಾಶ್ ಮೆಮೊರಿ ಇದೆ. ಎಚ್‌ಸಿ ಮಾದರಿಯಾದರೆ 3.3 ವೋಲ್ಟ್ ಒಂದೇ ಸಾಕು. ಐಸ್40 ಯುಪಿ5ಕೆಯಲ್ಲಿ 5280 ಲಟ್, ನನಗೆ ಸಿಕ್ಕಾಪಟ್ಟೆ ಜಾಸ್ತಿ. ಮೇಲಾಗಿ ಹೊರಗೆ ಫ್ಲ್ಯಾಶ್ ಬೇಕು, 1.2 ವೋಲ್ಟ್ ರೆಗ್ಯುಲೇಟರ್ ಬೇಕು. ಚಿಪ್ ಬೆಲೆಯ ಪಕ್ಕ ಇವನ್ನೂ ಬರೆದು ಕೂಡಿಸಿದರೆ ಲೆಕ್ಕವೇ ಬೇರೆ. ಆದರೂ ಯುಪಿ5ಕೆ ತೆಗೆದುಕೊಂಡೆ. ಬರೆದ ಸರ್ಕ್ಯೂಟನ್ನು ಈ ಚಿಪ್‌ಗೆ ಹೊಂದಿಸಿಕೊಡುವ ಟೂಲ್‌ಗಳಾದ ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್ ಎರಡೂ ಓಪನ್ ಸೋರ್ಸ್, ಲೈಸೆನ್ಸ್ ಫೈಲ್‌ನ ಗೋಜಿಲ್ಲ. ಐದು ವರ್ಷ ಬಿಟ್ಟು ಒಂದು ಬಗ್ ಸರಿಮಾಡಬೇಕಾದರೂ ಅದೇ ಟೂಲ್ ಓಡಬೇಕು ಅನ್ನೋದು ನನ್ನ ಹಠ.

ಎನ್‌ಕೋಡರ್ 5 ವೋಲ್ಟಿನದು, ಚಿಪ್ ಅದನ್ನು ತಾಳುವುದಿಲ್ಲ. ನಡುವೆ 74ಎಲ್‌ವಿಸಿ14 ಎರಡು ಹಾಕಿದೆ; ಅದು 5 ವೋಲ್ಟ್ ತಾಳುವ, ಸಣ್ಣಪುಟ್ಟ ಏರಿಳಿತಕ್ಕೆ ಜಗ್ಗದ ಇನ್ವರ್ಟರ್ ಚಿಪ್. ಸಿಗ್ನಲ್ ತಲೆಕೆಳಗಾಗುತ್ತದೆ ನಿಜ. ಆದರೆ ಎ, ಬಿ ಎರಡೂ ಒಟ್ಟಿಗೆ ತಲೆಕೆಳಗಾದರೆ ತಿರುಗುವ ದಿಕ್ಕು ಬದಲಾಗಲ್ಲ. ಉದ್ದ ಕೇಬಲ್‌ನ ಗಲಾಟೆಯೂ ಅಲ್ಲೇ ಅಡಗಿತು.

ಪೆಟ್ಟು ಬಿದ್ದದ್ದು ಬೇರೆ ಕಡೆ. ಮೊದಲ ಬೋರ್ಡ್‌ಗೆ ಕರೆಂಟ್ ಕೊಟ್ಟ ತಕ್ಷಣ ಆರೂ ಬ್ರೇಕ್ ರಿಲೇ ಒಟ್ಟಿಗೆ ಟಕ್ ಅಂದವು, ಅರೆಕ್ಷಣ ಬಿಟ್ಟು ಮತ್ತೆ ಟಕ್. ಕೋಡ್‌ನಲ್ಲಿ ಒಂದು ಸಂಜೆ ಪೂರ್ತಿ ಸುಮ್ನೆ ಹುಡುಕಿದೆ. ತಪ್ಪು ಕೋಡ್‌ನದಲ್ಲ, ಡೇಟಾಶೀಟ್ ಪೂರ್ತಿ ಓದದ ನನ್ನದು. ಫ್ಲ್ಯಾಶ್‌ನಿಂದ ಕಾನ್ಫಿಗರೇಶನ್ ಓದಿ ಮುಗಿಸೋ ತನಕ ಈ ಚಿಪ್‌ನ ಪಿನ್‌ಗಳು ಸಣ್ಣ ಪುಲ್‌ಅಪ್‌ನಲ್ಲಿ (ಪಿನ್ನನ್ನು ಸಪ್ಲೈ ವೋಲ್ಟೇಜ್‌ನತ್ತ ಎಳೆಯುವ ರೆಸಿಸ್ಟರ್) ಮೇಲೆ ತೂಗುತ್ತಿರುತ್ತವೆ. ರಿಲೇ ಓಡಿಸುವ ಸ್ವಿಚ್ ಆದ ಮಾಸ್‌ಫೆಟ್‌ನ ಗೇಟ್‌ಗೆ ಅಷ್ಟೇ ಸಾಕಾಯಿತು.

ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋ ಓಮ್ ಹಾಕಿದ ಮೇಲೆ ಸದ್ದಿಲ್ಲ. ಆ ಬೋರ್ಡ್‌ಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆದರೆ 0805 ಅಳತೆಯ (ಸುಮಾರು 2 ಮಿ.ಮೀ. ಉದ್ದದ) ರೆಸಿಸ್ಟರ್ ಮಾಸ್‌ಫೆಟ್‌ನ ಗೇಟ್ ಮತ್ತು ಸೋರ್ಸ್ ಕಾಲುಗಳ ನಡುವೆ, ಅಳತೆ ತೆಗೆದು ಮಾಡಿದ ಹಾಗೆ, ಅಡ್ಡಡ್ಡ ಕೂತಿತು.