ಎರೆಮಣ್ಣಿನ ಮೇಲೆ ಹೆದ್ದಾರಿ: ಕಲಬುರಗಿಯಲ್ಲಿ ನಾನು ನಡೆದು ನೋಡಿದ್ದು

ಬೀದರ್, ಹುಮನಾಬಾದ್ ಕಡೆಯಿಂದ ಬಂದು ಕಲಬುರಗಿಯನ್ನು ಹಾದು ಜೇವರ್ಗಿ, ಸಿಂದಗಿ, ವಿಜಯಪುರಗಳತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 50ಕ್ಕೆ, ಹಿಂದೆ, ನಾನು ರಸ್ತೆ ಕೆಲಸದಲ್ಲಿದ್ದಾಗ, ಇಲ್ಲಿ 218 ಎಂಬ ಸಂಖ್ಯೆ ಇತ್ತು. ನಿವೃತ್ತನಾದ ಮೇಲೆ, ನಗರದಂಚಿನಲ್ಲಿ ಅದರ ಅಗಲೀಕರಣ ನಡೆಯುತ್ತಿದ್ದಾಗ, ಸುಮಾರು ನಾಲ್ಕು ಕಿ.ಮೀ. ಉದ್ದವನ್ನು ಬೇಸಿಗೆಯಿಂದ ಮಳೆಗಾಲದವರೆಗೆ ಹಲವು ಸಲ ನಡೆದು ನೋಡಿದೆ. ಮೂವತ್ತು ವರ್ಷ ಜೀಪಿನಲ್ಲಿ ಕುಳಿತು ನೋಡಿದ್ದಕ್ಕಿಂತ ಹೆಚ್ಚನ್ನು ಆ ಕೆಲವು ತಿಂಗಳಲ್ಲಿ ಕಂಡೆ ಎಂದೇ ಹೇಳಬೇಕು.

ಸ್ಥಳದ ಎಂಜಿನಿಯರರ ಅನುಮತಿ ಪಡೆದು, ಹೊಳೆಯುವ ಜಾಕೆಟ್ ಮತ್ತು ಗಟ್ಟಿ ಬೂಟು ತೊಟ್ಟು, ಬೆಳಿಗ್ಗೆ ಆರಕ್ಕೆ ಹೊರಡುತ್ತಿದ್ದೆ. ಮೇ ತಿಂಗಳಲ್ಲಿ ಒಂಬತ್ತಾದರೆ ನಮ್ಮ ಬಿಸಿಲಿಗೆ ಎದುರು ನಿಲ್ಲಲಾಗುವುದಿಲ್ಲ, ಟಿಪ್ಪರುಗಳ ಓಡಾಟವೂ ಆಗ ಜೋರಾಗಿರುತ್ತದೆ. ಅಳತೆಗೆ ನನ್ನ ಹೆಜ್ಜೆಯೇ ಸಾಧನ. ಎರಡು ಇನ್ನೂರು ಮೀಟರ್ ಕಲ್ಲುಗಳ ನಡುವೆ ಮೂರು ಸಲ ನಡೆದು ಎಣಿಸಿದಾಗ ಸರಾಸರಿ 267 ಹೆಜ್ಜೆ ಬಂತು, ಅಂದರೆ ಹೆಜ್ಜೆಗೆ ಮುಕ್ಕಾಲು ಮೀಟರ್. ಕಂಡದ್ದನ್ನೆಲ್ಲ ಈ ಲೆಕ್ಕದಲ್ಲಿ ಪುಸ್ತಕಕ್ಕೆ ಇಳಿಸುತ್ತ ಹೋದೆ.

ಮೊದಲು ನೋಡಿದ್ದು ರಸ್ತೆಯನ್ನಲ್ಲ, ಪಕ್ಕದ ತೊಗರಿ ಹೊಲಗಳನ್ನು. ಬೇಸಿಗೆಯಲ್ಲಿ ಎರೆ ಭೂಮಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಇದೇ ಮಣ್ಣು ರಸ್ತೆಯ ಅಡಿಯಲ್ಲಿ ಉಳಿದರೆ ಡಾಂಬರೂ ಅದರೊಂದಿಗೆ ಏರಿಳಿಯಬೇಕಾಗುತ್ತದೆ. ಆದ್ದರಿಂದಲೇ, ಉಬ್ಬುವ ಸೂಚ್ಯಂಕ (ನೀರಿನಲ್ಲಿ ಮಣ್ಣು ಎಷ್ಟು ಉಬ್ಬುತ್ತದೆ ಎಂಬ ಅಳತೆ) ಶೇಕಡಾ 50ನ್ನು ಮೀರಿದ ಜೇಡಿಯನ್ನು ಏರಿಗೆ, ಅಂದರೆ ರಸ್ತೆಯನ್ನು ಎತ್ತರಿಸುವ ಮಣ್ಣಿನ ದಿಬ್ಬಕ್ಕೆ, ತುಂಬಬಾರದೆಂದು ಹೆದ್ದಾರಿ ಕಾಮಗಾರಿಯ ನಿರ್ದಿಷ್ಟತೆಗಳು ಹೇಳುತ್ತವೆ. ಅಗೆದ ತಗ್ಗಿನ ಗೋಡೆಯಲ್ಲಿ ಮೇಲಿನ ಕರಿಮಣ್ಣು ಎಲ್ಲಿ ಮುಗಿದು ಗರಸು ಎಲ್ಲಿ ಶುರುವಾಗುತ್ತದೆ ಎಂಬುದು ಗೆರೆ ಎಳೆದಂತೆ ಕಾಣುತ್ತಿತ್ತು. ಕರಿಮಣ್ಣು ತೆಗೆದು, ಮುರುಮು ಎಂಬ ಕಲ್ಲುಹರಳಿನ ಮಣ್ಣು ತಂದು ಹರಡಿ, ನೀರು ಹೊಡೆದು, ರೋಲರ್ ಓಡಿಸಿ, ಮೇಲಿನ 500 ಮಿ.ಮೀ. ತಳಮಣ್ಣನ್ನು, ಪ್ರಯೋಗಾಲಯದಲ್ಲಿ ಅದಕ್ಕೆ ಸಿಕ್ಕ ಗರಿಷ್ಠ ಸಾಂದ್ರತೆಯ ಶೇಕಡಾ 97ರಷ್ಟು ದಮ್ಮಸು ಮಾಡಬೇಕು. ಸಾಂದ್ರತೆಯನ್ನು ಪರೀಕ್ಷೆಯೇ ಹೇಳಬೇಕಾದರೂ, ಬೂಟಿನ ಹಿಮ್ಮಡಿ ಒತ್ತಿದಾಗ ಗುರುತು ಬಿದ್ದ ಜಾಗಗಳನ್ನು ನಾನು ಬೇರೆಯಾಗಿ ಬರೆದುಕೊಂಡೆ.

ಒಂದು ಮೋರಿಯ ಕೆಲಸದ ಹತ್ತಿರ ಕಟ್ಟೆಯ ಮೇಲೆ ಕುಳಿತಿದ್ದ ವಯಸ್ಸಾದ ತಾಯಿಯೊಬ್ಬರನ್ನು, "ಅಮ್ಮಾ, ಮಳಿ ಬಂದ್ರ ನೀರು ಎಲ್ಲಿ ನಿಲ್ತದ್ರಿ?" ಎಂದು ಕೇಳಿದೆ. ಅವರು ಮೋರಿಯತ್ತ ನೋಡಲೇ ಇಲ್ಲ. "ನೀರು ಅಲ್ಲಿಂದ ಬರಂಗಿಲ್ಲ ಯಪ್ಪಾ, ಆ ಹೊಲದ ಬದುವಿನಿಂದ ಇಳೀತದ" ಎಂದು ಎದುರು ದಿಕ್ಕಿಗೆ ಕೈ ತೋರಿದರು. ಅವರು ತೋರಿದ ತಗ್ಗು ಮೋರಿಯಿಂದ 140 ಹೆಜ್ಜೆ ದೂರದಲ್ಲಿತ್ತು. ನಕ್ಷೆ ಹಿಡಿದವರು ಮೊದಲು ಇಂಥವರ ಹತ್ತಿರ ಕುಳಿತುಕೊಳ್ಳಬೇಕೆಂದು ನನಗೆ ಬಲವಾಗಿ ಅನಿಸಿತು.

ಇಡೀ ನಡಿಗೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ರಸ್ತೆಯ ಅಂಚು. ತಳಮಣ್ಣಿನ ಮೇಲೆ ಹಾಸುವ ಜಿಎಸ್‌ಬಿ ಎಂಬ ಖಡಿ-ಮುರುಮಿನ ಪದರಕ್ಕೆ ಭಾರ ಹೊರುವುದರ ಜೊತೆಗೆ, ಒಳಗೆ ಇಳಿದ ನೀರನ್ನು ಬದಿಗೆ ಬಸಿಯುವ ಕೆಲಸವೂ ಇದೆ. ಹಾಗಾಗಿ ಅದು ಏರಿಯ ಇಳಿಜಾರಿನವರೆಗೆ ಚಾಚಿ ಹೊರಗೆ ತೆರೆದುಕೊಂಡಿರಬೇಕು. ಒಂದು ಕಡೆ ಸುಮಾರು 80 ಹೆಜ್ಜೆಗಳ ಉದ್ದಕ್ಕೆ ರಸ್ತೆಯ ಭುಜಕ್ಕೆ, ಅಂದರೆ ಡಾಂಬರಿನ ಪಕ್ಕದ ಅಂಚುಪಟ್ಟಿಗೆ, ಅಗೆದ ಕರಿಮಣ್ಣನ್ನೇ ಮರಳಿ ತುಂಬಿ, ಆ ಪದರದ ಬಾಯಿ ಮುಚ್ಚಿದ್ದರು. ಮೇಲಿನ ವೆಟ್ ಮಿಕ್ಸ್, ಅಂದರೆ ನೀರು ಬೆರೆಸಿ ಹಾಸಿದ ಖಡಿಯ ಪದರ, ನೋಡಲು ಚೆನ್ನಾಗಿತ್ತು, ವಾಹನದಲ್ಲಿ ಹೋಗುವವರಿಗೆ ಏನೂ ತಿಳಿಯುತ್ತಿರಲಿಲ್ಲ. ಚಿತ್ರ, ದೂರ, ದಿನಾಂಕ ಎಲ್ಲವನ್ನೂ ಎಂಜಿನಿಯರರಿಗೆ ಕೊಟ್ಟೆ. ಆ ಯುವಕ ಅದನ್ನು ಹಗುರವಾಗಿ ತೆಗೆದುಕೊಳ್ಳದೆ, ನನ್ನೊಡನೆಯೇ ಬಂದು ಸಲಿಕೆಯಿಂದ ಕೆದಕಿ ನೋಡಿದರು.

ಡಾಂಬರು ಬಿದ್ದ ತುಂಡುಗಳಲ್ಲಿ, ವಾಹನ ಬಿಡುವ ಮೊದಲೇ, ಗಾರೆ ಕೆಲಸದವರು ಬಳಸುವ ಲೆವಲ್ ಪೈಪಿನಿಂದ ಅಡ್ಡ ಇಳಿಜಾರನ್ನೂ ಅಳೆದೆ. ಶೇಕಡಾ 2.5ರಂತೆ 7 ಮೀಟರ್ ಅಗಲಕ್ಕೆ ಹದಿನೇಳೂವರೆ ಸೆಂ.ಮೀ. ಇಳಿತ ಬರಬೇಕು. ಬಹುತೇಕ ಕಡೆ ಸರಿಯಾಗಿಯೇ ಇತ್ತು.

ಜೂನಿನ ಮೊದಲ ದೊಡ್ಡ ಮಳೆ ನಿಂತ ಮರುಗಳಿಗೆಯಲ್ಲೇ ಮತ್ತೆ ನಡೆದೆ. ಮುಚ್ಚಿದ್ದ ಅಂಚನ್ನು ಅಷ್ಟರಲ್ಲಿ ಬಿಡಿಸಿ ಮುರುಮು ಹಾಕಿದ್ದರು, ಇಳಿಜಾರಿನ ಖಡಿಯ ಸಂದಿಗಳಿಂದ ನೀರು ಸಣ್ಣಗೆ ಬಸಿಯುತ್ತಿತ್ತು. ಅಲ್ಲಿಂದ ಮುಂದೆ, ಆ ತಾಯಿ ಕೈ ಮಾಡಿದ್ದ ತಗ್ಗಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು, ಹೊಸ ಮೋರಿ ಒಣಗಿಯೇ ಇತ್ತು. ಅಲ್ಲೊಂದು ಪೈಪು ಮೋರಿ ಬೇಕೆಂದು ಬರೆದ ಪತ್ರಕ್ಕೆ ಅವರ ಮಾತನ್ನೂ, 140 ಹೆಜ್ಜೆಗಳ ಅಳತೆಯನ್ನೂ ಸೇರಿಸಿದ್ದೇನೆ.